ಬಾಲವಿಲ್ಲದ ಕಟ್

ಕನ್ನಡದಲ್ಲಿ ಬೆಂಡೆಕಾಯಿಯನ್ನು ಹೆಚ್ಚುತ್ತೇವೆ, ಪೈರನ್ನು ಕೊಯ್ಯುತ್ತೇವೆ, ಮರವನ್ನು ಕಡಿಯುತ್ತೇವೆ, ಬೇಲಿಯನ್ನು ಸವರುತ್ತೇವೆ. (ಹೆಚ್ಚಿದಷ್ಟೂ ತರಕಾರಿ ಹೆಚ್ಚಾಗುವುದಿಲ್ಲವೇಕೆ ಎಂಬ ಪ್ರಶ್ನೆ ಸದ್ಯಕ್ಕೆ ಬೇಡ.) ಇಂಗ್ಲಿಷಿನಲ್ಲಿಯೂ ಇಂಥ ಬಿಡಿ ಕ್ರಿಯಾಪದಗಳು ಇವೆಯಾದರೂ ಅವರಿಗೆ ಕಟ್ ಮೇಲೆಯೇ ಮೋಹ ಜಾಸ್ತಿ, ಅದಕ್ಕೊಂದು ಬಾಲ ಅಂಟಿಸಿ ಎಲ್ಲ ಕೆಲಸವನ್ನೂ ಮಾಡಿಸಿಕೊಳ್ಳುತ್ತಾರೆ. ಆ ಬಾಲಗಳಲ್ಲಿ ಅತ್ಯಂತ ಕಿಲಾಡಿಯಾದುದು ಆಫ್. ಕೊಂಬೆಯನ್ನು ಮರದಿಂದ ಬೇರ್ಪಡಿಸಿದರೂ, ಬಿಲ್ಲು ಕಟ್ಟದವರ ನಲ್ಲಿ ನೀರನ್ನು ನಿಲ್ಲಿಸಿದರೂ, ಮಾತಾಡುವವರ ಬಾಯಿಗೆ ಅಡ್ಡ ಬಂದರೂ, ಹೊಳೆ ಉಕ್ಕಿ ಊರಿನ ಸಂಪರ್ಕ ಕಡಿದುಹೋದರೂ, ಮಗನಿಗೆ ಆಸ್ತಿಯಲ್ಲಿ ಚಿಕ್ಕಾಸೂ ಇಲ್ಲವೆಂದು ಬರೆದಿಟ್ಟರೂ ಅದು ಕಟ್ ಆಫ್.

ನಾವು ಕಟ್ಟನ್ನು ಮನೆಗೆ ಕರೆದುಕೊಂಡು, ಬಾಲವನ್ನು ಹೊಸಿಲಾಚೆಯೇ ಬಿಟ್ಟೆವು. ಮಾತಿನ ನಡುವೆ ಸಂಪರ್ಕ ತಪ್ಪಿದರೆ ನಮಗೆ 'ಫೋನ್ ಕಟ್ಟಾಯಿತು' ಎಂದರೆ ಸಾಕು. ಹೀಗಾಗಿ ಬಾಲಸಹಿತವಾದ ಮೂಲರೂಪವು ಎಂದಾದರೂ ಎದುರಾದಾಗ ಅನಾಹುತವಾಗುವುದು ಸಹಜ. ಅಮೆರಿಕದಲ್ಲಿರುವ ನನ್ನ ತಂಗಿ ತೀರ್ಥಹಳ್ಳಿಯ ದೊಡ್ಡಮ್ಮನಿಗೆ ಫೋನು ಮಾಡಿ, "ಹೆದ್ದಾರಿಯಲ್ಲಿ ಒಬ್ಬ ನನ್ನನ್ನು ಕಟ್ ಆಫ್ ಮಾಡಿದ, ದೊಡ್ಡಮ್ಮಾ" ಎನ್ನುವಷ್ಟರಲ್ಲಿ ಮಳೆಗೆ ಲೈನು ಸತ್ತಿತು. ತನ್ನ ಕಾರಿನ ಮೂತಿಗೆ ಉಜ್ಜುವಂತೆ ಒಬ್ಬ ಗಾಡಿ ನುಗ್ಗಿಸಿದನೆಂದಷ್ಟೇ ಅವಳ ದೂರು; ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಅದನ್ನು ದೂರು ಎಂದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದೊಡ್ಡಮ್ಮ ಮಾತ್ರ ಧರ್ಮಸ್ಥಳಕ್ಕೆ ಹರಕೆ ಹೊತ್ತು, ಕಾಸನ್ನು ಅರಿಸಿನ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮುಂದಿಟ್ಟು, ಸಂಜೆ ಲೈನು ಬಂದೊಡನೆ ಕೇಳಿದ ಮೊದಲ ಪ್ರಶ್ನೆ: "ಎಷ್ಟು ಹೊಲಿಗೆ ಹಾಕಿದ್ರೇ, ಮಾರಾಯ್ತಿ?"

ಬಾಲವನ್ನು ನಾವು ಬಿಡದೆ ಉಳಿಸಿಕೊಂಡದ್ದು ಒಂದು ಕಡೆ: ಪರೀಕ್ಷೆಯ ಕಟ್ ಆಫ್. ಇಲ್ಲಿ ಅದು ಕ್ರಿಯೆಯಲ್ಲ, ನಾಮಪದ. ಇಂಗ್ಲಿಷಿನವರು ನಡುವೆ ಗೀಟೆಳೆದು, ಒತ್ತನ್ನು ಆಫ್‌ನಿಂದ ಕಟ್‌ಗೆ ವರ್ಗಾಯಿಸುತ್ತಾರೆ. ಕರ್ನಾಟಕದಲ್ಲಿ 1994ರಲ್ಲಿ ಸಿಇಟಿ ಬಂದ ಮೇಲೆ ಈ ಪದ ತಿಳಿಯದ ಮನೆ ಸಿಗುವುದು ಕಷ್ಟ. ಆದರೆ ಅಂಕಗಳ ಕಟ್ ಆಫ್ ಇಳಿದರೆ ಸಂತೋಷಪಡಬೇಕು, ರ‍್ಯಾಂಕಿನ ಕಟ್ ಆಫ್ ಸಂಖ್ಯೆ ಇಳಿದರೆ ದುಃಖಪಡಬೇಕು ಎಂಬುದು ಎಲ್ಲರಿಗೂ ಹೊಳೆಯುವುದಿಲ್ಲ. ಎರಡನೆಯದರಲ್ಲಿ ಆ ಸಂಖ್ಯೆಯು ಸೀಟು ಸಿಕ್ಕ ಕೊನೆಯ ಅಭ್ಯರ್ಥಿಯ ರ‍್ಯಾಂಕು. ನಮ್ಮ ಪಕ್ಕದ ಮನೆಯ ರಾಯರು ಹಿರಿಯ ಮಗನ ನೌಕರಿ ಪರೀಕ್ಷೆಗಳಿಂದ ಅಂಕಗಳ ಲೆಕ್ಕದಲ್ಲಿ ಪಳಗಿದ್ದವರು. ಮಗಳ ರ‍್ಯಾಂಕು 9,100. ಅವಳು ಬಯಸಿದ ಕಾಲೇಜಿನಲ್ಲಿ ಹಿಂದಿನ ವರ್ಷ 9,400ಕ್ಕೆ ನಿಂತಿದ್ದ ಪಟ್ಟಿ ಆ ವರ್ಷದ ಮೊದಲ ಸುತ್ತಿನಲ್ಲಿ 8,700ಕ್ಕೆ ಬಂದುದನ್ನು ಕಂಡು, "ಏಳುನೂರು ಇಳಿದಿದೆ!" ಎಂದು ಉದ್ಗರಿಸಿ, ಮಗಳು ಟ್ಯೂಷನ್ನಿನಿಂದ ಮರಳುವ ಮೊದಲೇ ಬೀದಿಗೆಲ್ಲ ಧಾರವಾಡ ಪೇಡೆ ಹಂಚಿಬಿಟ್ಟರು.

ಬಂದ ಮಗಳು ಪಟ್ಟಿ ನೋಡಿ, ಪೇಡೆಯ ಖಾಲಿ ಡಬ್ಬಿ ನೋಡಿ, ಅಪ್ಪನಿಗೆ ಲೆಕ್ಕ ಬಿಡಿಸಿ ಹೇಳಿದಳು. ತಿಂದ ಪೇಡೆಯನ್ನು ಮರಳಿ ಕೇಳುವಂತಿರಲಿಲ್ಲ. ಮರುದಿನ ಸೀಟಿನ ವಿಷಯ ಕೇಳಿದ ಪ್ರತಿಯೊಬ್ಬರಿಗೂ ರಾಯರು, ಅದು ಎರಡನೆಯ ಸುತ್ತಿನ ಮುಂಗಡ ಪೇಡೆಯೆಂದು ಗಂಭೀರವಾಗಿ ತಿಳಿಸಿದರು.