ಆನೆಗೂ ಕಿವಿ ಅಂಟಿಸಿದವರು

ಆಸ್ಕರ್‌ನವರ ಹೊಸ ಲೆಕ್ಕ ನಿಮಗೆ ಗೊತ್ತೇ ಇದೆ. 2024ರಿಂದ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಬರಬೇಕಾದರೆ ವೈವಿಧ್ಯದ ನಾಲ್ಕು ಷರತ್ತುಗಳಲ್ಲಿ ಎರಡಾದರೂ ದಾಟಬೇಕು. ಒಳ್ಳೆಯದೇ ಬಿಡಿ ಅಂದುಕೊಂಡು ಓದಿದೆ. ಒಂದು ತೆರೆಯ ಮೇಲಿನವರದ್ದು, ಇನ್ನೊಂದು ತೆರೆಯ ಹಿಂದಿನವರದ್ದು. ಮೂರನೆಯದು ಸಂಬಳ ಕೊಟ್ಟು ತರಬೇತಿಗೆ ಇಟ್ಟುಕೊಳ್ಳುವವರದ್ದು, ನಾಲ್ಕನೆಯದು ಪ್ರಚಾರ ವಿಭಾಗದ ಅಧಿಕಾರಿಗಳದ್ದು. ಯಾವ ಎರಡಾದರೂ ಸರಿ. ಅಂದರೆ ತೆರೆ ತುಂಬಾ ಬರೀ ಬಿಳಿ ಮುಖಗಳೇ ಇರಲಿ, ಚಿಂತೆಯಿಲ್ಲ. ತರಬೇತಿಯಲ್ಲೂ ಪ್ರಚಾರದ ಆಫೀಸಿನಲ್ಲೂ ಬೇರೆ ಬಣ್ಣದವರು ಕೂತಿದ್ದರೆ ಸಾಕು, ಪಾಸ್.

ಪಾಪ, ಇದೂ ಸುಧಾರಣೆಯೇ. ಮೊದಲೆಲ್ಲ ಹಾಲಿವುಡ್‌ಗೆ ವೈವಿಧ್ಯ ಡಬ್ಬಿಯಲ್ಲಿ ಬರುತ್ತಿತ್ತು. ಕಂದು ಬಣ್ಣದ ಡಬ್ಬಿ. ನಟಿಸುವುದಕ್ಕೆ ನಮ್ಮಲ್ಲಿ ಬಣ್ಣ ಹಚ್ಚುವುದು ಅಂತೀವಿ, ಅಲ್ವಾ? ಅವರು ಈ ಮಾತನ್ನು ತೀರಾ ಮನಸ್ಸಿಗೆ ಹಚ್ಚಿಕೊಂಡರು. 1956ರಲ್ಲಿ ಜಾನ್ ವೇಯ್ನ್ ಇಳಿಮೀಸೆ ಅಂಟಿಸಿಕೊಂಡು ಚೆಂಗಿಸ್ ಖಾನ್ ಆದರು. ಕೌಬಾಯ್ ಕುದುರೆ ಇಳಿದು ಮಂಗೋಲ್ ಕುದುರೆ ಹತ್ತಿದರು, ಅಷ್ಟೇ ವ್ಯತ್ಯಾಸ.

1984ರಲ್ಲಿ, ಹೌದು, 84ರಲ್ಲಿ, ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಬಂತು. ಗುಹೆಯ ದೃಶ್ಯಕ್ಕೆ ನಮ್ಮ ಸಾವನದುರ್ಗ, ರಾಮನಗರದ ಕಡೆಗೇ ಬಂದಿದ್ದರು. ಬಂಡೆ ಅಸಲಿ ಬೇಕು. ಮಾಗಡಿಯ ಬಿಸಿಲು ಅಸಲಿ ಬೇಕು. ಕಥೆಯ ಪ್ರೊಫೆಸರ್ ಗೋಡ್‌ಬೋಲೆ ಮಾತ್ರ ಇಂಗ್ಲೆಂಡಿನ ಅಲೆಕ್ ಗಿನ್ನೆಸ್! ವಿಕ್ಟರ್ ಬ್ಯಾನರ್ಜಿ, ರೋಶನ್ ಸೇಠ್ ಅದೇ ಚಿತ್ರದಲ್ಲಿದ್ದರು. ಆದರೂ ಎಪ್ಪತ್ತು ಕೋಟಿ ಜನರಲ್ಲಿ ಒಬ್ಬ ಹಿಂದೂ ಮೇಷ್ಟ್ರು ಸಿಗಲಿಲ್ಲ. ಸುಮ್ನೆ ಗಾಂಧಿ ಬಜಾರಿನಲ್ಲಿ ಒಂದು ಲೋಟ ಕಾಫಿ ಕುಡಿಯುತ್ತಾ ನಿಂತಿದ್ದರೆ ಮೂವರು ಸಿಗುತ್ತಿದ್ದರು. ಅದರಲ್ಲಿ ಇಬ್ಬರು ಕಾಫಿ ದುಡ್ಡೂ ಕೊಡುತ್ತಿದ್ದರು.

ಮನುಷ್ಯರ ಮಾತು ಬಿಡಿ. 1932ರ ಟಾರ್ಜಾನ್ ಚಿತ್ರಕ್ಕೆ ಆಫ್ರಿಕಾದ ಆನೆ ಬೇಕಾಗಿತ್ತು. ಕೈಗೆ ಸಿಕ್ಕಿದ್ದು ಏಷ್ಯಾದ ಆನೆ. ಅದರ ಕಿವಿ ಚಿಕ್ಕದು. ಮೊರದಂಥ ಕಿವಿ ಮಾಡಿಸಿ ಅಂಟಿಸಿಬಿಟ್ಟರು. ಆ ಆನೆ ಒಂದು ಸಲ ಜೋರಾಗಿ ತಲೆ ಕೊಡವಿದ್ದರೆ ಇಡೀ ಆಫ್ರಿಕಾ ಕಳಚಿ ಕೆಳಗೆ ಬೀಳುತ್ತಿತ್ತು.

ಆನೆ ಅಂದರೆ ನೆನಪಾಗುವವನು ನಮ್ಮ ಸಾಬು. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. 1937ರ 'ಎಲಿಫೆಂಟ್ ಬಾಯ್'ನಲ್ಲಿ ಆನೆಯೂ ಅಸಲಿ, ಹುಡುಗನೂ ಅಸಲಿ. ಜಗತ್ತು ಬಾಯಿಬಿಟ್ಟುಕೊಂಡು ನೋಡಿತು. ಆಮೇಲೆ ಹುಡುಗ ಬೆಳೆದ. ಅದೇ ತಪ್ಪಾಯಿತು. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಇಂಗ್ಲೆಂಡಿನ ಸ್ಟುಡಿಯೋದಲ್ಲೇ ಹಿಮಾಲಯ ಎದ್ದಿತು. ಅಲ್ಲಿ ಸಾಬು ರಾಜಮನೆತನದ ಹುಡುಗ. ಅವನು ಮನಸೋಲುವ ಊರ ಹುಡುಗಿ ಯಾರು? ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್. 1955ರ 'ದಿ ರೇನ್ಸ್ ಆಫ್ ರಾಂಚಿಪುರ್'ಗೆ ಒಬ್ಬ ಭಾರತೀಯ ಡಾಕ್ಟರ್ ನಾಯಕ ಬೇಕಾಗಿತ್ತು. ಸಾಬುಗೆ ಆಗ 31. ಪೇಟ ಸುತ್ತಿಕೊಂಡು ಬಂದವರು ವೇಲ್ಸ್‌ನ ರಿಚರ್ಡ್ ಬರ್ಟನ್.

ಆಗಿನ ಕಾಲ ಹಾಗಿತ್ತು ಅಂತಾರೆ. ಯಾವ ಕಾಲ ಸ್ವಾಮಿ? ಚೀನೀ ಮೂಲದ ನಟಿ ಅನ್ನಾ ಮೇ ವಾಂಗ್ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದವರು. 'ದಿ ಗುಡ್ ಅರ್ತ್' ಚಿತ್ರದ ಚೀನೀ ರೈತನ ಹೆಂಡತಿಯ ಪಾತ್ರ ಅವರಿಗೆ ಬೇಕಾಗಿತ್ತು. ಗಂಡನ ಪಾತ್ರ ಆಗಲೇ ಬಿಳಿಯ ಪಾಲ್ ಮುನಿಗೆ ಹೋಗಿತ್ತು. ಬಿಳಿಯರು, ಬೇರೆಯವರು ಜೋಡಿಯಾಗಿ ಕಾಣಿಸಬಾರದು ಅನ್ನುವ ನಿಯಮ ಬೇರೆ ಇತ್ತು. ಬಿಳಿಯ ನಟಿ ಲೂಯಿಸ್ ರೈನರ್ ಚೀನೀ ಹೆಂಗಸಾದರು, ಆಸ್ಕರ್ ಗೆದ್ದರು. ಪಾತ್ರ ಇತ್ತು, ಕಲಾವಿದೆ ಅದೇ ಊರಲ್ಲಿದ್ದರು, ಕೆಲಸ ಗೊತ್ತಿತ್ತು. ಕೊಡಲಿಲ್ಲ. ಇದಕ್ಕೆ ಕಾಲವನ್ನು ಯಾಕೆ ಎಳೆದು ತರುತ್ತೀರಿ?

ಅಂದ ಹಾಗೆ, ಎರಡನೇ ಮಹಾಯುದ್ಧದಲ್ಲಿ ಸಾಬು ಅಮೆರಿಕದ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿದ್ದ. ಪದಕವೂ ಬಂತು. ಆ ಸೀಟಿಗೆ ಮಾತ್ರ ಬಣ್ಣ ಬಳಿದ ಬಿಳಿಯನನ್ನು ಯಾರೂ ಹುಡುಕಲಿಲ್ಲ ನೋಡಿ. 1963ರಲ್ಲಿ, 39ನೇ ವಯಸ್ಸಿಗೇ, ಹೋಗಿಬಿಟ್ಟ.

ಈಗಿನ ನಿಯಮಕ್ಕೆ ಆ 1955ರ ಚಿತ್ರವನ್ನು ಸುಮ್ನೆ ತೂಗಿ ನೋಡಿದೆ. ಬರ್ಟನ್ ಇರಲಿ. ಪೇಟವೂ ಇರಲಿ. ತರಬೇತಿಗೆ ನಾಲ್ಕು ಹುಡುಗರು, ಪ್ರಚಾರ ವಿಭಾಗದಲ್ಲಿ ಸಾಬುವಿಗೂ ಅವನಂಥ ಇನ್ನಿಬ್ಬರಿಗೂ ಒಂದೊಂದು ಕುರ್ಚಿ. ಪಾಸ್.