ಮಧ್ಯದಲ್ಲಿ ನಿಂತ ಕುದುರೆಯ ಬಲ

ಚದುರಂಗದಲ್ಲಿ (ಚೆಸ್) ಆರಂಭದಲ್ಲೇ ಕಾಯಿಗಳನ್ನು ಪಟದ ಮಧ್ಯಕ್ಕೆ ತರಬೇಕೆಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಅದರ ಕಾರಣವನ್ನೂ ವಿವರಿಸಿದ್ದರೆ ಹೊಸಬರಿಗೆ ಹೆಚ್ಚು ಉಪಯೋಗವಾಗುತ್ತಿತ್ತು. ಮೂಲೆಯ ಕುದುರೆಗೆ ಸಿಗುವುದು ಕೇವಲ 2 ಮನೆಗಳು, ಮಧ್ಯದಲ್ಲಿ 8. ಖಾಲಿ ಪಟದ ಮೇಲೆ ಒಂಟೆಯ ವ್ಯಾಪ್ತಿಯೂ 7ರಿಂದ 13ಕ್ಕೆ ಏರುತ್ತದೆ (ಆನೆಗೆ ಮಾತ್ರ ಎಲ್ಲಿ ನಿಂತರೂ 14). ಎದುರಾಳಿಯ ಪದಾತಿಗಳು ಓಡಿಸಲಾಗದಂತೆ ಡಿ5ರಲ್ಲಿ (ಬಿಳಿಯ ಕಡೆಯಿಂದ ನೋಡಿದಾಗ ಅಕ್ಷರ ಎಡದಿಂದ ಎಣಿಸಿದ ಕಂಬಸಾಲನ್ನೂ, ಅಂಕೆ ಕೆಳಗಿನಿಂದ ಎಣಿಸಿದ ಅಡ್ಡಸಾಲನ್ನೂ ಸೂಚಿಸುತ್ತದೆ) ನೆಲೆಯೂರಿದ ಬಿಳಿಯ ಕುದುರೆಯು, ಕಪ್ಪು ರಾಜ ಇ8ರಲ್ಲೂ ಆನೆ ಎ8ರಲ್ಲೂ ಉಳಿದಿದ್ದು ಸಿ7ಕ್ಕೆ ಕಾವಲಿಲ್ಲದಿದ್ದರೆ, ಅಲ್ಲಿಗೆ ಹಾರಿ ರಾಜನಿಗೆ ಚೆಕ್ ಕೊಟ್ಟು ಮರುನಡೆಯಲ್ಲಿ ಆನೆಯನ್ನು ಹೊಡೆಯುತ್ತದೆ. ಪ್ರತಿ ನಡೆಗೂ ಮುನ್ನ ಎರಡೂ ಕಡೆಯ ಚೆಕ್, ಹೊಡೆತ, ಬೆದರಿಕೆಗಳನ್ನು ಗಮನಿಸುವ ಅಭ್ಯಾಸವಿಲ್ಲದವರಿಗೆ ಆ ನಡೆ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಮಂತ್ರಿಯನ್ನು ಬೇಗನೆ ಮಧ್ಯಕ್ಕೆ ತರುವುದು ಮಾತ್ರ ಬೇರೆ ವಿಷಯ: ಎದುರಾಳಿಯ ಕುದುರೆ, ಒಂಟೆಗಳು ಅದನ್ನು ಅಟ್ಟುತ್ತಲೇ ಒಳ್ಳೆಯ ಸ್ಥಾನಗಳಿಗೆ ಬಂದು ಸೇರುತ್ತವೆ.