ರಷ್ಯನ್ ಮಾತಾಡೋರೆಲ್ಲ ರಷ್ಯಾದವರಲ್ಲ

ಊರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. "ಏನಮ್ಮಾ, ಬರ್ಲಿನ್‌ನಲ್ಲಿ ರಷ್ಯನ್ನರ ಜೊತೆ ಕೆಲಸ ಮಾಡ್ತೀಯಂತೆ? ಯುದ್ಧ ಶುರು ಮಾಡಿದ್ದೇ ಅವರಲ್ವಾ?" ಇಲ್ಲ ಚಿಕ್ಕಪ್ಪ, ಇವರು ಉಕ್ರೇನಿನವರು ಅನ್ನುತ್ತೇನೆ. "ಮತ್ತೆ ರಷ್ಯನ್ ಮಾತಾಡ್ತಾರೆ ಅಂದ್ಯಲ್ಲ?" ಅಲ್ಲಿಗೆ ನಾನು ಸುಸ್ತು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನ ಯುದ್ಧ ಪಂಡಿತರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಪ್ರಕಾರ ಉಕ್ರೇನಿನಲ್ಲಿ ರಷ್ಯನ್ ಮಾತಾಡುವವರೆಲ್ಲ ಪುಟಿನ್ ಯಾವಾಗ ಬರುತ್ತಾನೋ ಅಂತ ಹಾರ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ. ಉದ್ದ ಆಗುತ್ತೆ, ಬೇಜಾರಾದರೆ ಸುಮ್ನೆ ಮುಂದೆ ಹೋಗಿ.

ನಾನು ರಷ್ಯನ್ ಕಲಿತದ್ದು ರಷ್ಯಾದಲ್ಲಿ ಅಲ್ಲ. ಗಂಡನ ಕೆಲಸದ ಮೇಲೆ ನಾವು ಬರ್ಲಿನ್ ಬಿಟ್ಟು ಕೆಲವು ವರ್ಷ ಕಜಕಸ್ತಾನದ ಅಲ್ಮಾಟಿಯಲ್ಲಿದ್ದೆವು. ಅಲ್ಲಿನ ಹಸಿರು ಬಜಾರ್ ನನ್ನ ಪಾಠಶಾಲೆ. ಕ್ಯಾರೆಟ್ ತುರಿದು ಬೆಳ್ಳುಳ್ಳಿ, ಖಾರದಪುಡಿ, ವಿನಿಗರ್ ಹಾಕಿ ಗುಡ್ಡೆ ಮಾಡಿಟ್ಟುಕೊಂಡು ಮಾರುವ ಕೊರಿಯನ್ ಹೆಂಗಸರ ಒಂದು ಸಾಲೇ ಅಲ್ಲಿದೆ. 1937ರಲ್ಲಿ ಸ್ಟಾಲಿನ್ ಕಾಲದಲ್ಲಿ ರಷ್ಯಾದ ಪೂರ್ವದ ತುದಿಯಿಂದ ರೈಲಿಗೆ ತುಂಬಿ ಕಳಿಸಿದ ಕೊರಿಯನ್ನರ ಮಕ್ಕಳು, ಮೊಮ್ಮಕ್ಕಳು ಇವರು. ಪಕ್ಕದಲ್ಲಿ ಒಣದ್ರಾಕ್ಷಿ ಮಾರುವವನು ಉಯ್ಘರ್. ಮಾಂಸದ ಅಂಗಡಿಯವನು ಕಜಕ್. ನಮ್ಮ ಮೇಲಿನ ಮನೆಯಾಕೆ ಟಾಟಾರ್. ಇವರೆಲ್ಲ ಒಬ್ಬರಿಗೊಬ್ಬರು ಚೌಕಾಸಿ ಮಾಡುವುದು, ಬೈಯುವುದು, ಮಕ್ಕಳನ್ನು ಗದರುವುದು ಎಲ್ಲ ರಷ್ಯನ್‌ನಲ್ಲಿ. ಅವರಲ್ಲಿ ಒಬ್ಬರೂ ರಷ್ಯನ್ನರಲ್ಲ. ಭಾಷೆಗೂ ಪಾಸ್‌ಪೋರ್ಟಿಗೂ ಗಂಟು ಹಾಕಬಾರದು ಅನ್ನುವುದು ನನಗೆ ಆ ಬಜಾರಿನಲ್ಲೇ ಗೊತ್ತಾಗಿತ್ತು.

2019ರ ಕೊನೆಗೆ ಬರ್ಲಿನ್‌ಗೆ ವಾಪಸ್ ಬಂದಾಗ, ಇನ್ನು ಈ ರಷ್ಯನ್ ಮರೆತೇ ಹೋಗುತ್ತೆ ಅಂದುಕೊಂಡಿದ್ದೆ. 2022ರ ಫೆಬ್ರವರಿ 24 ಬಂತು, ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ಅದಾಗಿ ಕೆಲವೇ ದಿನಕ್ಕೆ ಪೋಲೆಂಡ್ ಕಡೆಯಿಂದ ಬರುವ ರೈಲುಗಳೆಲ್ಲ ತುಂಬಿ ಬರತೊಡಗಿದವು. ಬರ್ಲಿನ್ ಮುಖ್ಯ ನಿಲ್ದಾಣದಲ್ಲಿ ಸ್ವಯಂಸೇವಕರು ಜಾಕೆಟ್ ಮೇಲೆ ಟೇಪ್ ಅಂಟಿಸಿ, ತಮಗೆ ಬರುವ ಭಾಷೆ ಬರೆದುಕೊಂಡು ನಿಲ್ಲುತ್ತಿದ್ದರು. ನಾನೂ ನಿಂತೆ. ಇಳಿದವರಲ್ಲಿ ಗಂಡಸರು ಕಡಿಮೆ. 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿಲ್ಲ ಎಂಬ ನಿಯಮ ಯುದ್ಧ ಶುರುವಾದಾಗಲೇ ಬಂದಿತ್ತು. ಹೆಂಗಸರು, ಮಕ್ಕಳು, ಅಜ್ಜಿಯರು, ಬುಟ್ಟಿಯಲ್ಲಿ ಬೆಕ್ಕು.

ನನ್ನ ಮುಖ ನೋಡಿ, ನನ್ನ ಬಾಯಲ್ಲಿ ರಷ್ಯನ್ ಕೇಳಿ, ಉಕ್ರೇನಿನ ಖಾರ್ಕಿವ್‌ನವರು ಕೇಳುತ್ತಿದ್ದ ಮೊದಲ ಪ್ರಶ್ನೆ: "ನಮ್ಮೂರಲ್ಲಿ ಡಾಕ್ಟರ್ ಓದಿದ್ರಾ?" ಅವರಿಗೆ ಭಾರತದವರು ಅಂದರೆ ಮೆಡಿಕಲ್ ವಿದ್ಯಾರ್ಥಿಗಳು. ಒಬ್ಬಾಕೆ ತನ್ನ ಕೆಳಗಿನ ಫ್ಲಾಟ್‌ನಲ್ಲಿ ಬಾಡಿಗೆಗಿದ್ದ ಹುಡುಗರ ಬಗ್ಗೆ ಹೇಳಿದಳು. ರಾತ್ರಿ ಹನ್ನೊಂದಕ್ಕೆ ಒಗ್ಗರಣೆ ಹಾಕುತ್ತಿದ್ದರಂತೆ, ಮೆಟ್ಟಿಲ ತುಂಬ ಘಾಟು, ಇವಳು ಹೋಗಿ ಜಗಳ ಆಡುತ್ತಿದ್ದಳಂತೆ. ಆಮೇಲೆ "ಅವರೆಲ್ಲ ಊರು ಸೇರಿಕೊಂಡ್ರಾ?" ಅಂತ ಕೇಳಿದಳು. ಏನು ಹೇಳಲಿ? ಮಾರ್ಚ್ 1ರಂದು ಅದೇ ಖಾರ್ಕಿವ್‌ನಲ್ಲಿ, ಊಟದ ಸಾಮಾನು ತರಲು ಹೋಗಿದ್ದ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡಿದ್ದ. ಮಗನ ದೇಹವನ್ನು ಮನೆಯವರು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದ್ದು ನಿಮಗೆಲ್ಲ ನೆನಪಿರುತ್ತೆ. ವಾಟ್ಸಾಪ್ ಪಂಡಿತರಿಗೂ ನೆನಪಿರಬೇಕಿತ್ತು.

ಆ ನಿಲ್ದಾಣದಲ್ಲಿ ಶುರುವಾದದ್ದು ಈಗ ನನ್ನ ಸಂಬಳದ ಕೆಲಸ. ನಿರಾಶ್ರಿತರಿಗೆ ಸಲಹೆ ಕೊಡುವ ಒಂದು ಸಣ್ಣ ಆಫೀಸು. ಸಲಹೆ ಅಂದರೆ ದೊಡ್ಡ ಮಾತು. ಮುಕ್ಕಾಲು ಪಾಲು ಕೆಲಸ ಪತ್ರ ಓದುವುದು. ಜರ್ಮನಿಯ ಕಚೇರಿಗಳು ಇವತ್ತಿಗೂ ಕಾಗದ ಬರೆಯುತ್ತವೆ, ಅದೂ ಅಂಚೆಯಲ್ಲಿ. ಹಳದಿ ಲಕೋಟೆ ಬಂತು ಅಂದರೆ ಅದು ಅಧಿಕೃತ ನೋಟಿಸು, ಬಂದ ತಾರೀಕಿನಿಂದ ಗಡುವು ಶುರು. ಜನ ಅದನ್ನು ಒಡೆಯದೇ ಎದೆಗೆ ಅವುಚಿಕೊಂಡು ಬರುತ್ತಾರೆ. ಒಳಗೆ ನೋಡಿದರೆ ಎಷ್ಟೋ ಸಲ ಏನೂ ಇರುವುದಿಲ್ಲ, ಟ್ರಾಮ್‌ನಲ್ಲಿ ಟಿಕೆಟ್ ಇಲ್ಲದೇ ಸಿಕ್ಕಿಬಿದ್ದ ಹಳೇ ದಂಡದ ವಿಷಯ ಇರುತ್ತೆ ಅಷ್ಟೇ. ಆದರೂ ಅವರ ಮುಖದ ಬಣ್ಣ ವಾಪಸ್ ಬರುವುದು ಕೊನೆಯ ಸಾಲು ಓದಿ ಹೇಳಿದ ಮೇಲೆಯೇ.

ಉಕ್ರೇನಿನವರಿಗೆ ಬೇರೆ ನಿರಾಶ್ರಿತರಿಗಿಂತ ದಾರಿ ಸುಲಭವಾಯಿತು, ಅದು ನಿಜ. 2001ರಲ್ಲೇ ಬರೆದಿಟ್ಟು ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ನಿಯಮವನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚ್ 4ರಂದು ಜಾರಿಗೆ ತಂದಿತು. ಆಶ್ರಯ ಕೋರಿ ವರ್ಷಗಟ್ಟಲೆ ಕಾಯುವ ಗೋಳು ಇವರಿಗಿಲ್ಲ. ಸಿರಿಯಾದವರು, ಅಫ್ಘಾನಿಸ್ತಾನದವರು "ನಮಗ್ಯಾಕೆ ಈ ದಾರಿ ಇರಲಿಲ್ಲ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ದಾರಿ ಸುಲಭ ಅಂದ ಮಾತ್ರಕ್ಕೆ ಕಾಗದ ಸುಲಭ ಅಲ್ಲ. ಉದಾಹರಣೆಗೆ ಹೆಸರು. ಐವತ್ತು ದಾಟಿದವರ ಜನನ ಪತ್ರ ಸೋವಿಯತ್ ಕಾಲದ್ದು, ಎಷ್ಟೋ ಊರುಗಳಲ್ಲಿ ಅದು ರಷ್ಯನ್‌ನಲ್ಲೇ ಇದೆ. ಅದರಲ್ಲಿ ಎಲೆನಾ. ಈಗಿನ ಪಾಸ್‌ಪೋರ್ಟ್ ಉಕ್ರೇನಿಯನ್ ಲೆಕ್ಕದ್ದು, ಅದರಲ್ಲಿ ಓಲೆನಾ. ಗಂಡ ಒಂದರಲ್ಲಿ ನಿಕೊಲಾಯ್, ಇನ್ನೊಂದರಲ್ಲಿ ಮಿಕೋಲಾ. ಕೌಂಟರಿನ ಗುಮಾಸ್ತೆ ಎರಡೂ ಕಾಗದ ಅಕ್ಕಪಕ್ಕ ಇಟ್ಟು, "ಇವರು ಇಬ್ಬರು ಬೇರೆ ಬೇರೆ ಹೆಂಗಸರು" ಅನ್ನುತ್ತಾಳೆ. ಆಧಾರ್‌ನಲ್ಲಿ ಇನಿಷಿಯಲ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರು ಅಂತ ಅಫಿಡವಿಟ್ ಮಾಡಿಸಲು ಅಲೆದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಾದರೆ ನೋಟರಿ ಕೋರ್ಟಿನ ಎದುರಿಗೇ ಕೂತಿರುತ್ತಾನೆ. ಇವರ ಊರಿನ ಕಚೇರಿ ಸುಟ್ಟುಹೋಗಿದೆ, ಇಲ್ಲವೇ ಆ ಊರೇ ಈಗ ರಷ್ಯಾದ ಕೈಯಲ್ಲಿದೆ.

ಮರಿಯುಪೋಲ್‌ನಿಂದ ಬಂದ ಒಬ್ಬರಿದ್ದಾರೆ. ಅರವತ್ತು ದಾಟಿದೆ, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು. ಮನೆಯಿಂದ ತಂದದ್ದು ಮುಖ್ಯವಾಗಿ ಒಂದೇ ಕಾಗದ, ತಮ್ಮ ಕೆಲಸದ ಪುಸ್ತಕ. ಸೋವಿಯತ್ ಕಾಲದಿಂದ ಅಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಇಂಥದೊಂದು ಸಣ್ಣ ಪುಸ್ತಕ ಇರುತ್ತಿತ್ತು. ಸೇರಿದ ದಿನ, ಬಡ್ತಿ, ಬಹುಮಾನ, ಎಲ್ಲ ಕೈಬರಹದಲ್ಲಿ, ಮೇಲೆ ಸೀಲು. ಅವರು ಅದನ್ನು ಮೇಜಿನ ಮೇಲಿಟ್ಟು ಒಂದೊಂದೇ ಪುಟ ತಿರುಗಿಸಿದರು. ಬೆರಳಿಟ್ಟು ತೋರಿಸಿದರು: ಇದು ಕೃತಜ್ಞತೆ ಹೇಳಿದ್ದು, ಇದು ಐದನೇ ದರ್ಜೆಗೆ ಏರಿದ್ದು. ಜರ್ಮನ್ ಫಾರಂನಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಖಾನೆ, "ಈ ಹಿಂದಿನ ಉದ್ಯೋಗ". ನಾನು "ಕ್ರೇನ್ ಚಾಲಕ" ಅಂತ ಬರೆದೆ. "ಐದನೇ ದರ್ಜೆ ಅಂತಾನೂ ಬರೀರಿ" ಅಂದರು. ಬರೆದೆ. ಆ ಖಾನೆಯಿಂದ ಅಕ್ಷರ ಹೊರಗೆ ಹೋಯಿತು, ಹೋಗಲಿ.

ಅವರು ಮಾತಾಡಿದ್ದೆಲ್ಲ ರಷ್ಯನ್‌ನಲ್ಲಿ. ಉಕ್ರೇನಿಯನ್ ಬರುತ್ತೆ, ಆದರೆ ನಾಲಿಗೆ ಹೊರಳುವುದು ರಷ್ಯನ್‌ಗೇ. ವಾಟ್ಸಾಪ್ ಪಂಡಿತರು ಇಲ್ಲಿ ಸ್ವಲ್ಪ ನಿಧಾನಿಸಲಿ. 2001ರ ಜನಗಣತಿಯಲ್ಲಿ ಉಕ್ರೇನಿನ ಶೇ. 29.6ರಷ್ಟು ಜನ ತಮ್ಮ ಮಾತೃಭಾಷೆ ರಷ್ಯನ್ ಅಂತ ಬರೆಸಿದ್ದರು. ಅವರು ಜಾಸ್ತಿ ಇದ್ದದ್ದು ಪೂರ್ವ ಮತ್ತು ದಕ್ಷಿಣದಲ್ಲಿ. ಬಾಂಬು ಹೆಚ್ಚು ಬಿದ್ದದ್ದೂ ಅಲ್ಲೇ. ಮರಿಯುಪೋಲ್, ಖಾರ್ಕಿವ್, ಖೆರ್ಸೋನ್, ಬಾಖ್ಮುತ್. ರಷ್ಯನ್ ಮಾತಾಡುವವರನ್ನು ಕಾಪಾಡುತ್ತೇನೆ ಅಂತ ಹೊರಟ ಪುಟಿನ್ ಮೊದಲು ಪುಡಿ ಮಾಡಿದ್ದು ರಷ್ಯನ್ ಮಾತಾಡುವವರ ಮನೆಗಳನ್ನೇ. ಅಷ್ಟೇಕೆ, ಉಕ್ರೇನಿನ ಅಧ್ಯಕ್ಷ ಝೆಲೆನ್ಸ್ಕಿ ಬೆಳೆದದ್ದೂ ರಷ್ಯನ್ ಮಾತಾಡುವ ಮನೆಯಲ್ಲೇ.

ಹಾಗಂತ ಅಲ್ಲಿ ಭಾಷೆಯ ಜಗಳವೇ ಇರಲಿಲ್ಲ ಅನ್ನಲಾರೆ. 2019ರಲ್ಲಿ ಬಂದ ಕಾನೂನಿನ ಪ್ರಕಾರ ಅಂಗಡಿ, ಹೋಟೆಲುಗಳಲ್ಲಿ ಗಿರಾಕಿಯನ್ನು ಮೊದಲು ಉಕ್ರೇನಿಯನ್‌ನಲ್ಲೇ ಮಾತಾಡಿಸಬೇಕು. ಅದಕ್ಕೆ ಗೊಣಗಿದವರು ಬೇಕಾದಷ್ಟು ಜನ ಇದ್ದಾರೆ, ನನ್ನ ಮೇಜಿನ ಮುಂದೆಯೂ ಗೊಣಗುತ್ತಾರೆ. ಭಾಷೆಯ ಜಗಳ ನಮ್ಮಲ್ಲಿ ಇಲ್ವಾ? ಅದಕ್ಕೆ ಪಕ್ಕದವರು ಟ್ಯಾಂಕ್ ಕಳಿಸಿದರೆ ಒಪ್ಪುತ್ತೀವಾ?

ಈಗ ಮಜಾ ನೋಡಿ. ಹುಟ್ಟಿದಾಗಿನಿಂದ ರಷ್ಯನ್ ಮಾತಾಡಿದ ಎಷ್ಟೋ ಜನ ಯುದ್ಧ ಶುರುವಾದ ಮೇಲೆ ಅದನ್ನು ಬಿಟ್ಟಿದ್ದಾರೆ. ಖಾರ್ಕಿವ್‌ನ ಒಬ್ಬ ಟೀಚರ್ ನಾನು ರಷ್ಯನ್‌ನಲ್ಲಿ ಕೇಳಿದರೆ ಉಕ್ರೇನಿಯನ್‌ನಲ್ಲಿ ಉತ್ತರ ಕೊಡುತ್ತಾಳೆ. ನಡುನಡುವೆ ಪದ ಸಿಗದೆ ತಡವರಿಸುತ್ತಾಳೆ, ಆದರೂ ಪಟ್ಟು ಬಿಡುವುದಿಲ್ಲ. ಗಂಡ ಸೈನ್ಯದಲ್ಲಿದ್ದಾನೆ. ನನಗೆ ಅರ್ಧ ಅರ್ಥವಾಗುತ್ತೆ, ಇನ್ನರ್ಧ ಅವಳ ಮಗಳು ಜರ್ಮನ್‌ನಲ್ಲಿ ಹೇಳುತ್ತಾಳೆ. ಈಗ ಯಾರೇ ಬಂದರೂ ಮೊದಲು ಯಾವ ಭಾಷೆಯಲ್ಲಿ ಮಾತಾಡೋಣ ಅಂತ ಕೇಳುವುದು ನನಗೆ ರೂಢಿಯಾಗಿದೆ. ರಷ್ಯನ್ ಬಿಟ್ಟವಳದ್ದು ಹಟ ಅಂತ ನಗುವವರನ್ನೂ, ಬಿಡದ ಕ್ರೇನಿನವರ ದೇಶಭಕ್ತಿ ಅಳೆಯುವವರನ್ನೂ ಕಂಡರೆ ನನಗೆ ಒಂದೇ ಥರದ ಸಿಟ್ಟು.

ಆ ಟೀಚರ್‌ನ ಮಗಳದ್ದೇ ಒಂದು ಕಥೆ. ಬೆಳಿಗ್ಗೆ ಬರ್ಲಿನ್‌ನ ಶಾಲೆ. ಮಧ್ಯಾಹ್ನ ಮನೆಗೆ ಬಂದು ಖಾರ್ಕಿವ್ ಶಾಲೆಯ ಆನ್‌ಲೈನ್ ಪಾಠ, ವಾಪಸ್ ಹೋದರೆ ವರ್ಷ ಹಾಳಾಗಬಾರದಲ್ಲ. ಅಲ್ಲೇ ಉಳಿದ ಗೆಳತಿಯರು ಮೆಟ್ರೋ ನಿಲ್ದಾಣದ ನೆಲದಡಿಯ ಕ್ಲಾಸ್‌ರೂಮಿನಲ್ಲಿ ಓದುತ್ತಾರೆ. ಈ ಹುಡುಗಿಯ ಫೋನಿನಲ್ಲಿ ವಾಯುದಾಳಿ ಎಚ್ಚರಿಕೆಯ ಆ್ಯಪ್ ಇವತ್ತಿಗೂ ಖಾರ್ಕಿವ್‌ಗೇ ಸೆಟ್ ಆಗಿದೆ. ನಮ್ಮ ಆಫೀಸಿನಲ್ಲಿ ಅದು ಕೂಗಿದರೆ ಬೆಂಚಿನ ಮೇಲಿದ್ದ ಇನ್ನೂ ಮೂರು ನಾಲ್ಕು ಜನರ ಫೋನು ಒಟ್ಟಿಗೇ ಕೂಗುತ್ತೆ. ಯಾರೂ ಏಳುವುದಿಲ್ಲ. ಎಲ್ಲರೂ ಮನೆಗೆ ಮೆಸೇಜ್ ಹಾಕುತ್ತಾರೆ.

ಇನ್ನು ಖಾರ್ಕಿವ್‌ನ ಅಜ್ಜಿ. ಇವರನ್ನು ಬರೀ ಹೆಸರು ಹಿಡಿದು ಕರೆಯುವಂತಿಲ್ಲ, ಅಪ್ಪನ ಹೆಸರೂ ಸೇರಿಸಬೇಕು. ಮರೆತರೆ ಕಿವಿ ಕೇಳದವರ ಹಾಗೆ ಕೂತಿರುತ್ತಾರೆ! ಫಾರಂ ತುಂಬಿಸಲು ಅವರ ಕೋಣೆಗೆ ಹೋದರೆ ಮೊದಲು ಶೂ ಬಿಚ್ಚಿ ಅವರು ಕೊಟ್ಟ ಚಪ್ಪಲಿ ಹಾಕಬೇಕು, ಆಮೇಲೆ ಚಹಾ, ಚಾಕೊಲೇಟು, ಆಮೇಲೆ ಫಾರಂ. ಹೊಸ್ತಿಲಿನ ಆಚೆ ಈಚೆ ನಿಂತು ಏನನ್ನೂ ಕೊಡಬಾರದು, ತಗೊಳ್ಳಲೂಬಾರದು. ನಮ್ಮ ಅಜ್ಜಿಯೂ ಇದೇ ಹೇಳುತ್ತಿದ್ದರು ಅಂದಾಗ ಅವರಿಗೇನೂ ಆಶ್ಚರ್ಯ ಆಗಲಿಲ್ಲ. ಲೋಕದಲ್ಲಿ ತಿಳಿದವರೆಲ್ಲ ಹೀಗೇ ಮಾಡುತ್ತಾರೆ ಅನ್ನುವ ಧಾಟಿ.

ನಾನು ಅಲ್ಮಾಟಿಯಲ್ಲಿದ್ದೆ ಅಂತ ಗೊತ್ತಾದ ದಿನ ಅವರು ಪೆನ್ನು ಕೆಳಗಿಟ್ಟರು. 1941ರಲ್ಲಿ ಹಿಟ್ಲರನ ಸೇನೆ ಖಾರ್ಕಿವ್ ಕಡೆ ಬರುವಾಗ ಅಮ್ಮ ಇವರನ್ನು ಕರೆದುಕೊಂಡು ರೈಲು ಹತ್ತಿದ್ದರಂತೆ. ಇಳಿದದ್ದು ಆಲ್ಮಾ-ಆತಾದಲ್ಲಿ, ಆಗ ಆ ಊರಿನ ಹೆಸರು ಅದು. "ಅಪೋರ್ಟ್ ಸೇಬು ಈಗಲೂ ಸಿಗುತ್ತಾ?" ಅಂತ ಕೇಳಿದರು. ಎರಡೂ ಕೈ ಜೋಡಿಸಿ ಗಾತ್ರ ತೋರಿಸಿದರು. ಸಿಗುತ್ತೆ, ಆದರೆ ಮೊದಲಿನಷ್ಟು ಇಲ್ಲ, ದುಬಾರಿ ಅಂದೆ. ಆಗ ಜರ್ಮನ್ನರಿಂದ ತಪ್ಪಿಸಿಕೊಂಡು ಓಡಿದವರು ಈಗ ಜರ್ಮನಿಗೇ ಬಂದು ಕೂತಿದ್ದಾರೆ. ಇದನ್ನು ಅವರೇ ಜೋಕ್ ಮಾಡಿ ಹೇಳುತ್ತಾರೆ. ಆದರೆ ಖಾರ್ಕಿವ್‌ನ ಸಾಲ್ತಿವ್ಕಾ ಬಡಾವಣೆಯ ತಮ್ಮ ಒಂಬತ್ತನೇ ಮಹಡಿಯ ಮನೆ ನೆನೆದಾಗ ಜೋಕ್ ಇರುವುದಿಲ್ಲ. "ನನ್ನನ್ನು ಯಾರಿಂದ ಕಾಪಾಡೋಕೆ ಬಂದ ಅವನು? ನಮ್ಮ ಮನೇಲಿ ರಷ್ಯನ್ ಮಾತಾಡಬೇಡಿ ಅಂತ ಯಾರೂ ಒಂದು ದಿನ ಹೇಳಿರಲಿಲ್ಲ." ಇದನ್ನೂ ಅವರು ಹೇಳಿದ್ದು ರಷ್ಯನ್‌ನಲ್ಲೇ.

ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು ಅನ್ನುವ ಕಥೆ ಹೇಳಲಾರೆ. 2022ರ ಸೆಪ್ಟೆಂಬರ್‌ನಲ್ಲಿ ಪುಟಿನ್ ಗಂಡಸರನ್ನು ಸೈನ್ಯಕ್ಕೆ ಎಳೆಯಲು ಶುರು ಮಾಡಿದ ಮೇಲೆ ರಷ್ಯಾದಿಂದ ತಪ್ಪಿಸಿಕೊಂಡು ಬಂದ ಹುಡುಗರೂ ನಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಉಕ್ರೇನಿನವರ ದಾರಿ ಇಲ್ಲ. ಆಶ್ರಯಕ್ಕೆ ಅರ್ಜಿ ಹಾಕಿ, ವಿಚಾರಣೆಗೆ ಹೋಗಿ, ಕಾಯಬೇಕು. ಒಬ್ಬ ಹುಡುಗ ಬೆಂಚಿನ ಮೇಲೆ ಯಾರಾದರೂ ಎಲ್ಲಿಯವನು ಅಂತ ಕೇಳಿದರೆ ಲಾತ್ವಿಯಾ ಅನ್ನುತ್ತಾನೆ. ನನಗೆ ಅವನ ಮೇಲೆ ಕನಿಕರ ಇದೆ. ಟೀಚರ್‌ಗೆ ಇಲ್ಲ, ಮತ್ತು ಇರಬೇಕು ಅಂತ ಅವಳಿಗೆ ಹೇಳುವ ಹಕ್ಕು ನನಗಿಲ್ಲ. ಅವರಿಬ್ಬರ ಅಪಾಯಿಂಟ್‌ಮೆಂಟ್ ಒಂದೇ ದಿನ ಬೀಳದ ಹಾಗೆ ನೋಡಿಕೊಳ್ಳುತ್ತೇನೆ.

ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಹುಟ್ಟಿದ್ದು ಕಜಕಸ್ತಾನದ ಕರಗಂಡಾದಲ್ಲಿ. ವೋಲ್ಗಾ ನದಿ ದಂಡೆಯ ಜರ್ಮನ್ನರ ವಂಶ, 1941ರಲ್ಲಿ ಸ್ಟಾಲಿನ್ ಇವರನ್ನೂ ಎತ್ತಿ ಅಲ್ಲಿಗೆ ಹಾಕಿದ್ದ. ತೊಂಬತ್ತರ ದಶಕದಲ್ಲಿ ಜರ್ಮನಿಗೆ ಮರಳಿದರು. ಇವಳು ದಿನವಿಡೀ ಉಕ್ರೇನಿನವರ ಅರ್ಜಿ ತುಂಬುತ್ತಾಳೆ, ಸಂಜೆ ಮನೆಗೆ ಹೋದರೆ ಅಪ್ಪ ಮಾಸ್ಕೋ ಟಿವಿ ಹಾಕಿಕೊಂಡು ಕೂತಿರುತ್ತಾರೆ. 2022ರ ಏಪ್ರಿಲ್‌ನಲ್ಲಿ ಬರ್ಲಿನ್‌ನಲ್ಲೇ ರಷ್ಯಾದ ಬಾವುಟ ಹಾರಿಸಿಕೊಂಡು ಕಾರುಗಳ ಮೆರವಣಿಗೆ ಹೋಗಿತ್ತು. ಆ ವಾರ ಅಪ್ಪ ಮಗಳ ಮಾತುಕತೆ ಬಂದ್. ಜರ್ಮನ್ ರಕ್ತ, ಜರ್ಮನ್ ಪಾಸ್‌ಪೋರ್ಟು, ಬಾಯಲ್ಲಿ ರಷ್ಯನ್, ಒಂದೇ ಮನೆಯಲ್ಲಿ ಎರಡು ಪಕ್ಷ. ಇವರನ್ನು ಯಾವ ಡಬ್ಬಿಗೆ ಹಾಕುತ್ತೀರಿ?

ಬರ್ಲಿನ್‌ನ ನಮ್ಮ ಕನ್ನಡದ ಸಾಫ್ಟ್‌ವೇರ್ ಗೆಳೆಯರದ್ದು ಇನ್ನೊಂದು ರಾಗ. "ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಕೂತು ತಿಂತಾರೆ." ಸ್ವಾಮಿ, ಭಾಷೆಯ ಕೋರ್ಸೇ ಸಾಮಾನ್ಯವಾಗಿ 600 ಗಂಟೆ, ಜೊತೆಗೆ ಜರ್ಮನಿ ಬಗ್ಗೆ ತಿಳಿಸುವ ಇನ್ನೊಂದು 100 ಗಂಟೆ. ಹಲ್ಲಿನ ಡಾಕ್ಟರ್ ಆಗಿದ್ದವಳು ಇಲ್ಲಿ ಅನುಮತಿ ಸಿಗುವ ತನಕ ಒಬ್ಬರ ಬಾಯಿಗೂ ಕೈ ಹಾಕುವಂತಿಲ್ಲ, ಅದಕ್ಕೆ ವರ್ಷಗಳೇ ಹಿಡಿಯುತ್ತೆ. ಅಲ್ಲಿವರೆಗೆ ಹೋಟೆಲ್ ಕೋಣೆ ಗುಡಿಸುತ್ತಾಳೆ. ಗಂಡ ಅಲ್ಲಿ, ಮಗು ಇಲ್ಲಿ, ಶಿಶುವಿಹಾರದಲ್ಲಿ ಸೀಟಿಲ್ಲ. ನಮ್ಮ ಥರ ಕಂಪನಿಯವರು ವೀಸಾ, ಮನೆ, ವಿಮಾನದ ಟಿಕೆಟ್ ಎಲ್ಲ ಕೈಗಿಟ್ಟು ಇವರನ್ನು ಕರೆಸಿಕೊಳ್ಳಲಿಲ್ಲ.

ಖಾರ್ಕಿವ್, ವಿನ್ನಿತ್ಸಿಯಾ ಅಂತ ಮೆಡಿಕಲ್ ಓದಿ ಈಗ ಜರ್ಮನಿಯಲ್ಲಿ ಪರೀಕ್ಷೆಗೆ ತಯಾರಾಗುತ್ತಿರುವ ನಮ್ಮ ಹುಡುಗ ಹುಡುಗಿಯರು ಈ ಪೋಸ್ಟ್ ಓದುತ್ತಿದ್ದರೆ ಒಂದು ಮಾತು. ನಿಮ್ಮ ಹಾಸ್ಟೆಲ್ ರಷ್ಯನ್ ಧಾರಾಳ ಸಾಕು, ವ್ಯಾಕರಣ ಯಾರೂ ಕೇಳುವುದಿಲ್ಲ. ನಿಮ್ಮ ಊರಿನಲ್ಲೂ ಇಂಥ ಒಂದು ಆಫೀಸು ಇದ್ದೇ ಇರುತ್ತೆ. ವಯಸ್ಸಾದವರ ಜೊತೆ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳಿದ್ದನ್ನು ಅವರಿಗೆ ತಿಳಿಸಿ ಹೇಳುವವರು ಎಲ್ಲ ಕಡೆ ಕಡಿಮೆ ಇದ್ದಾರೆ, ಅದೂ ವೈದ್ಯಕೀಯ ಗೊತ್ತಿರುವವರು ಇಲ್ಲವೇ ಇಲ್ಲ ಅನ್ನಬಹುದು. ಬರ್ಲಿನ್‌ನಲ್ಲಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ. ನಮ್ಮ ಖಾರ್ಕಿವ್ ಅಜ್ಜಿಗೆ ಮುಂದಿನ ತಿಂಗಳು ಕಣ್ಣಿನ ಪೊರೆಯ ಆಪರೇಷನ್ ಇದೆ, ಜೊತೆಗೆ ಹೋಗಲು ಇನ್ನೂ ಯಾರೂ ಸಿಕ್ಕಿಲ್ಲ.